ಎರಡಕ್ಕೂ ಒಂದೇ ಪದ: ಡಿಸ್ಚಾರ್ಜ್

ನಮ್ಮ ತುಮಕೂರು ಕಡೆ ಹಳೇ ತಲೆಮಾರಿನವರಲ್ಲಿ ತಿಪ್ಪಯ್ಯ, ತಿಪ್ಪಮ್ಮ, ಗುಂಡಪ್ಪ ಅನ್ನುವ ಹೆಸರುಗಳು ಬೇಕಾದಷ್ಟು ಸಿಗುತ್ತವೆ. ಕೇಳಿ ನೋಡಿದರೆ ಎಷ್ಟೋ ಸಲ ಹೆಸರಿನ ಹಿಂದೆ ಒಂದೇ ಥರದ ಕಥೆ. ಅದಕ್ಕೆ ಮುಂಚೆ ಹುಟ್ಟಿದ ಕೂಸುಗಳು ಉಳಿದಿರುವುದಿಲ್ಲ. ಇದೂ ಕೈತಪ್ಪಿ ಹೋದೀತು ಅಂತ ಹೆದರಿ, ತಿಪ್ಪೆ ಮೇಲೆ ಹೊರಳಿಸಿ, ‘ಇದು ಯಾರಿಗೂ ಬೇಡದ ಕೂಸು’ ಅಂತ ಸಾವಿನ ಕಣ್ಣಿಗೆ ಮಣ್ಣೆರಚಿ ಮನೆಗೆ ತರುತ್ತಿದ್ದರು. ಆಮೇಲೆ ಆ ಹೆಸರು ಬದುಕಿರುವವರೆಗೂ ಜೊತೆಗಿರುತ್ತಿತ್ತು. ಇವನು ಉಳಿದು ಬಂದವನು ಅಂತ ಊರಿಗೆಲ್ಲ ಗೊತ್ತು.

ನಾನು ಮಕ್ಕಳ ಡಾಕ್ಟರ್. ದಿನದ ಬಹುಪಾಲು ಕಳೆಯುವುದು ಆಗ ತಾನೇ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ. ನಮ್ಮ ರಿಜಿಸ್ಟರಿನಲ್ಲಿ ಅಂಥ ಗುರುತು ಯಾವುದೂ ಇಲ್ಲ. ಕೊನೆಯ ಕಾಲಂನಲ್ಲಿ ಬರೆಯುವುದು ನಾಲ್ಕೇ ಪದ. ಡಿಸ್ಚಾರ್ಜ್, ರೆಫರ್, ಲಾಮಾ, ಡೆತ್. ಲಾಮಾ ಅಂದರೆ ನಾವು ಬೇಡ ಅಂದರೂ ಸಹಿ ಹಾಕಿ ಮಗುವನ್ನು ಕರೆದುಕೊಂಡು ಹೋದವರು. ಎರಡು ದಿನ ನೀಲಿ ಲೈಟಿನ ಕೆಳಗೆ ಮಲಗಿ ಜಾಂಡೀಸ್ ಇಳಿಸಿಕೊಂಡು ಹೋದ ಮಗುವಿಗೂ ಡಿಸ್ಚಾರ್ಜ್. ಸತ್ತು ಬದುಕಿದ ಮಗುವಿಗೂ ಡಿಸ್ಚಾರ್ಜ್. ಒಂದೇ ಪದ, ಒಂದೇ ಪೆನ್ನು.

ಒಂದು ರಾತ್ರಿಯ ಕಥೆ ಹೇಳುತ್ತೇನೆ. ಮನೆಯವರ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಜನವರಿ ತಿಂಗಳು. ಪಾವಗಡ ಕಡೆಯಿಂದ 108 ಬಂತು. ಪಾವಗಡ ನಮ್ಮ ಜಿಲ್ಲೆಯೇ. ಆದರೆ ಹೆಚ್ಚುಕಡಿಮೆ ಸುತ್ತಲೂ ಆಂಧ್ರ. ಮಧುಗಿರಿ ಮೇಲೆ ತುಮಕೂರಿಗೆ ಬರಬೇಕೆಂದರೆ ಸುಮಾರು 100 ಕಿಲೋಮೀಟರ್. ಅಜ್ಜಿ ಕೂಸನ್ನು ಎದೆಗವಚಿಕೊಂಡು ಇಳಿದರು. ಮುಖದಲ್ಲಿ ಗಾಬರಿ ಏನೂ ಇರಲಿಲ್ಲ. ‘ದಾರಿಯುದ್ದಕ್ಕೂ ಅತ್ತೇ ಇಲ್ಲ ಡಾಕ್ಟ್ರೇ. ಒಳ್ಳೇ ಕೂಸು, ಸುಮ್ನೆ ಮಲಗೈತೆ’ ಅಂದರು.

ಸುಮ್ನೆ ಮಲಗಿರುವ ಸಣ್ಣ ಕೂಸು ಅಂದರೆ ನಮಗೆ ಭಯ. ಬಟ್ಟೆ ಬಿಚ್ಚಿದೆವು. ಮೇಲೆ ಶಾಲು, ಅದರೊಳಗೆ ಹಳೇ ಸೀರೆಯ ತುಂಡು, ತಲೆಗೆ ಉಲ್ಲನ್ ಟೋಪಿ. ಎಲ್ಲದರ ಒಳಗೆ, ಕೂಸಿನ ಮೈಗೆ ಅಂಟಿಕೊಂಡು, ಒದ್ದೆ ಟವೆಲ್. ಹೆರಿಗೆಯಾದ ತಕ್ಷಣ ಯಾವ ಟವೆಲಿನಲ್ಲಿ ಒರೆಸಿದ್ದರೋ ಅದರಲ್ಲೇ ಸುತ್ತಿ, ಅದರ ಮೇಲೆ ಬೆಚ್ಚಗೆ ಹೊದಿಸಿದ್ದರು. ಅಂಗಾಲು ಮುಟ್ಟಿದೆ, ತಣ್ಣಗಿತ್ತು. ಹೊಟ್ಟೆ ಮುಟ್ಟಿದೆ, ಅದೂ ತಣ್ಣಗಿತ್ತು. ಹೊಟ್ಟೆ ಬೆಚ್ಚಗಿದ್ದು ಕಾಲು ಮಾತ್ರ ತಣ್ಣಗಿದ್ದರೆ ಇನ್ನೂ ಸ್ವಲ್ಪ ಟೈಮ್ ಇದೆ ಅಂತ ಲೆಕ್ಕ. ಎರಡೂ ತಣ್ಣಗಾಗಿದ್ದರೆ ಇಲ್ಲ. ಥರ್ಮಾಮೀಟರ್ 34.1 ಡಿಗ್ರಿ ತೋರಿಸಿತು. ಇರಬೇಕಾದದ್ದು 36.5ರಿಂದ 37.5. ತೂಕ 1,640 ಗ್ರಾಂ. ಹಿಮ್ಮಡಿ ಚುಚ್ಚಿ ಸಕ್ಕರೆ ನೋಡಿದರೆ 28, ತೀರಾ ಕಮ್ಮಿ. ಉಸಿರಾಡುವಾಗ ಪಕ್ಕೆಲುಬು ಒಳಗೆ ಎಳೆಯುತ್ತಿತ್ತು. ನರಳಾಟವೂ ಶುರುವಾಗಿತ್ತು.

ವಾರ್ಮರ್, ಮೂರು ಎಂಎಲ್ ಚಿಲ್ಲರೆ ಗ್ಲೂಕೋಸ್, ಮೂಗಿಗೆ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್. ಆ ರಾತ್ರಿ ಎರಡು ಸಲ ಉಸಿರು ನಿಂತಿತು. ಎರಡನೇ ಸಲ ಸಿಸ್ಟರ್, ಕೈಯಿಂದ ಉಸಿರು ತುಂಬುವ ಅಂಬು ಬ್ಯಾಗ್ ಒತ್ತುತ್ತಾ ನನ್ನ ಮುಖ ನೋಡಿದರು. ಇಬ್ಬರೂ ಏನೂ ಮಾತಾಡಲಿಲ್ಲ. ಹತ್ತೊಂಬತ್ತನೇ ದಿನ ಅದೇ ಕೂಸು ತಾಯಿ ಎದೆಗಂಟಿಕೊಂಡು, ಬಾಣಂತಿ-ಮಗುವನ್ನು ಮನೆಗೆ ಬಿಡುವ ಸರ್ಕಾರದ ನಗು-ಮಗು ಗಾಡಿಯಲ್ಲಿ ಊರಿಗೆ ಹೋಯಿತು. ರಿಜಿಸ್ಟರಿನಲ್ಲಿ ಡಿಸ್ಚಾರ್ಜ್ ಅಂತ ಬರೆದದ್ದು ನಾನೇ.

ಇಂಥ ಕೂಸುಗಳಿಗೆ ವೈದ್ಯರ ಲೋಕದಲ್ಲಿ ‘ನಿಯೋನೇಟಲ್ ನಿಯರ್ ಮಿಸ್’ ಅನ್ನುತ್ತಾರೆ. ಕೂದಲೆಳೆಯಲ್ಲಿ ಪಾರಾದ ಕೂಸು ಅಂದುಕೊಳ್ಳಿ. ಸಾಯುವಷ್ಟು ಕಾಯಿಲೆ ಬಿದ್ದು, ಆದರೂ ಮೊದಲ 28 ದಿನ ದಾಟಿದ ಕೂಸು. ಈ ಯೋಚನೆ ಬಂದದ್ದು ತಾಯಂದಿರಿಂದ. ಹೆರಿಗೆಯಲ್ಲಿ ಸಾವಿನ ಬಾಗಿಲು ಮುಟ್ಟಿ ಬಂದ ತಾಯಂದಿರನ್ನು ಲೆಕ್ಕ ಹಾಕುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಮೊದಲು ರೂಪಿಸಿತು. ನಮ್ಮ ದೇಶದಲ್ಲೂ ಅದಕ್ಕೆ 2014ರ ಡಿಸೆಂಬರಿನಲ್ಲಿ ಮಾರ್ಗಸೂಚಿ ಬಂತು. ಅದೇ ಕೆಲಸವನ್ನು ಕೂಸುಗಳಿಗೂ ಮಾಡಬಹುದಲ್ವಾ ಅಂತ 2010ರ ಹೊತ್ತಿಗೆ ಬ್ರೆಜಿಲ್‌ನ ವೈದ್ಯರು ಯೋಚಿಸಿದರು. ತಾಯಂದಿರ ವಿಷಯದಲ್ಲಿ ಇರುವಷ್ಟು ಒಮ್ಮತ ಕೂಸುಗಳ ವಿಷಯದಲ್ಲಿ ಇನ್ನೂ ಇಲ್ಲ.

ಯಾಕೆ ಲೆಕ್ಕ ಬೇಕು? ಕೇಂದ್ರ ಸರ್ಕಾರದ ಜನನ-ಮರಣ ಸಮೀಕ್ಷೆಯಾದ ಎಸ್‌ಆರ್‌ಎಸ್‌ನ 2020ರ ವರದಿ ಪ್ರಕಾರ ಆ ವರ್ಷ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1,000 ಕೂಸುಗಳಲ್ಲಿ 20 ಕೂಸುಗಳು ಮೊದಲ 28 ದಿನ ದಾಟಲಿಲ್ಲ. ಪಾರಾಗುವ ಕೂಸುಗಳು ಇದರ ಹಲವು ಪಟ್ಟು. ಇನ್ನೊಂದು ವಿಷಯ, ಸಾವು ದಾಖಲಾಗುವುದು ಸತ್ತ ಜಾಗದಲ್ಲಿ. ತಪ್ಪು ಆಗಿದ್ದು ನೂರು ಕಿಲೋಮೀಟರ್ ಹಿಂದೆ ಇರಬಹುದು. ಸಣ್ಣ ಆಸ್ಪತ್ರೆ ಕಾಯಿಲೆ ಕೂಸನ್ನು ಜಿಲ್ಲೆಗೆ ಕಳಿಸುತ್ತದೆ, ಜಿಲ್ಲೆಯವರು ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಕಳಿಸುತ್ತಾರೆ. ಸಣ್ಣ ಆಸ್ಪತ್ರೆಯ ಪುಸ್ತಕದಲ್ಲಿ ಸಾವಿನ ಕಾಲಂ ಖಾಲಿ. ಅವರ ಪಾಲಿಗೆ ಏನೂ ಆಗಲೇ ಇಲ್ಲ.

ಸರಿ, ಗುರುತು ಹಾಕೋಣ ಅಂತ ಹೊರಟರೆ ಯಾರನ್ನು ಸೇರಿಸುವುದು, ಯಾರನ್ನು ಬಿಡುವುದು ಎಂಬ ಪಂಚಾಯ್ತಿ ಶುರುವಾಗುತ್ತದೆ.

ಮೊದಲ ಜಾಲ, ಹುಟ್ಟಿದಾಗಿನ ಸ್ಥಿತಿ. ಹೆಚ್ಚು ಬಳಕೆಯಲ್ಲಿರುವ ಲೆಕ್ಕ ಹೀಗಿದೆ: ತೂಕ 1,750 ಗ್ರಾಂಗಿಂತ ಕಮ್ಮಿ, ಅಥವಾ 33 ವಾರ ತುಂಬುವ ಮುಂಚೆ ಹೆರಿಗೆ, ಅಥವಾ ಐದು ನಿಮಿಷದ ಎಪ್ಗಾರ್ ಸ್ಕೋರ್ 7ಕ್ಕಿಂತ ಕಮ್ಮಿ. ಕೆಲವರು 1,500 ಗ್ರಾಂ ಅನ್ನುತ್ತಾರೆ. ಸರ್ಕಾರಿ ಆಸ್ಪತ್ರೆಯ ನವಜಾತ ಶಿಶು ಘಟಕಗಳಾದ ನಮ್ಮ ಎಸ್‌ಎನ್‌ಸಿಯುಗಳಲ್ಲಿ 1,800 ಗ್ರಾಂಗಿಂತ ಕಮ್ಮಿ ಇದ್ದರೆ ಹೇಗೂ ಅಡ್ಮಿಟ್ ಮಾಡುತ್ತೇವೆ. ಹಾಗಾಗಿ ತೂಕದ ಬಗ್ಗೆ ನನಗೆ ತಕರಾರಿಲ್ಲ, ತಕ್ಕಡಿ ಸುಳ್ಳು ಹೇಳುವುದು ಅಪರೂಪ. ವಾರದ ಲೆಕ್ಕ ಸ್ವಲ್ಪ ಕಷ್ಟ. ‘ಯುಗಾದಿ ಆಗಿ ಹದಿನೈದು ದಿನಕ್ಕೆ ನಿಂತಿದ್ದು’ ಅಂತಾರೆ. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್ ರಿಪೋರ್ಟ್ ತಾಯಿ ಕಾರ್ಡಿನೊಳಗೆ ಮಡಚಿಟ್ಟಿದ್ದರೆ ನಮ್ಮ ಪುಣ್ಯ.

ನಿಜವಾದ ತೊಂದರೆ ಎಪ್ಗಾರ್‌ನದು. ವರ್ಜೀನಿಯಾ ಎಪ್ಗಾರ್ ಅನ್ನುವ ಅಮೆರಿಕದ ಅರಿವಳಿಕೆ ತಜ್ಞೆ 1952ರಲ್ಲಿ ಮಾಡಿದ ಸರಳ ಲೆಕ್ಕ ಇದು. ಎದೆಬಡಿತ, ಉಸಿರು, ಮೈಯ ಬಿಗಿ, ಚುರುಕು, ಬಣ್ಣ. ಒಂದೊಂದಕ್ಕೆ 2ರಂತೆ ಒಟ್ಟು 10. ಒಂದು ನಿಮಿಷಕ್ಕೆ ಒಮ್ಮೆ, ಐದು ನಿಮಿಷಕ್ಕೆ ಒಮ್ಮೆ ನೋಡಿ ಬರೆಯಬೇಕು. ಆದರೆ ಮಗು ಅಳದೆ ಇದ್ದಾಗ ಎಲ್ಲರ ಕೈಯೂ ಮಗುವಿನ ಮೇಲಿರುತ್ತದೆ. ಗಡಿಯಾರ ನೋಡುವವರು ಯಾರು? ಅರ್ಧ ಗಂಟೆ ಬಿಟ್ಟು ಕೇಸ್ ಶೀಟ್ ತುಂಬುವಾಗ ಕೈ ತಾನಾಗಿ ‘7, 9’ ಅಂತ ಬರೆದುಬಿಡುತ್ತದೆ. ಎಷ್ಟೋ ಕಡೆಯಿಂದ ಬರುವ ಚೀಟಿಗಳಲ್ಲಿ ಇದೇ ಎರಡು ನಂಬರ್, ಅಚ್ಚು ಹಾಕಿದ ಹಾಗೆ. ಒಂದು ನಿಮಿಷಕ್ಕೇ 10 ಅಂತ ಬರೆದಿದ್ದರಂತೂ ನನಗೆ ಅನುಮಾನ ಜಾಸ್ತಿ. ಚೆನ್ನಾಗಿರುವ ಕೂಸಿಗೂ ಆ ಹೊತ್ತಿಗೆ ಅಂಗೈ, ಅಂಗಾಲು ಸ್ವಲ್ಪ ನೀಲಿಯೇ ಇರುತ್ತವೆ.

ಹೀಗೆ ‘7, 9’ ಚೀಟಿ ಹಿಡಿದು ಒಂದು ಗಂಡು ಮಗು ಬಂತು. 2,900 ಗ್ರಾಂ, ದಿನ ತುಂಬಿ ಹುಟ್ಟಿದ್ದು, ಬರೆದದ್ದೆಲ್ಲ ಚೊಕ್ಕ. ಹುಟ್ಟಿ 14 ಗಂಟೆಗೆ ಬಾಯಿ ಚಪ್ಪರಿಸಲು ಶುರು ಮಾಡಿತ್ತು. ಮನೆಯವರು ಹಾಲಿಗೆ ಹಸಿದಿದೆ ಅಂದುಕೊಂಡಿದ್ದರು. ಆಮೇಲೆ ಒಂದು ಕಾಲು ಸೈಕಲ್ ತುಳಿದ ಹಾಗೆ ಆಡತೊಡಗಿತು. ಅದು ಫಿಟ್ಸ್. ತಂದೆಯನ್ನು ಪಕ್ಕಕ್ಕೆ ಕರೆದು ಕೇಳಿದೆ, ‘ಹುಟ್ಟಿದ ತಕ್ಷಣ ಅಳ್ತಾ ಅಪ್ಪಾ?’ ಅಂತ. ‘ಇಲ್ಲ ಸಾರ್. ಹೊಟ್ಟೆಯಲ್ಲೇ ಮಲ ತಿಂದಿದೆ ಅಂದ್ರು. ಸುಮಾರು ಹೊತ್ತು ಪೈಪ್ ಹಾಕಿ ಎಳೆದ್ರು, ಆಮೇಲೆ ಅಳ್ತು.’ ಎಪ್ಗಾರ್ ಜಾಲದಲ್ಲಿ ಈ ಮಗು ಸಿಗುವುದೇ ಇಲ್ಲ. ಫಿಟ್ಸ್ ಔಷಧಿ ಕೊಟ್ಟದ್ದರಿಂದ ಸಿಕ್ಕಿತು.

ಅದೇ ಎರಡನೇ ಜಾಲ, ಮಗುವಿಗೆ ನಾವು ಏನೇನು ಮಾಡಬೇಕಾಯಿತು ಅನ್ನುವುದು. ಗಂಟಲಿಗೆ ಟ್ಯೂಬ್, ಸಿಪ್ಯಾಪ್, ಎದೆ ಒತ್ತುವುದು, ಬಿಪಿ ಏರಿಸುವ ಡ್ರಿಪ್, ಫಿಟ್ಸ್ ಔಷಧಿ, ಶ್ವಾಸಕೋಶ ಅರಳಿಸುವ ಸರ್ಫ್ಯಾಕ್ಟೆಂಟ್ ಔಷಧಿ, ರಕ್ತ, ಆಪರೇಷನ್. ಇದರಲ್ಲಿ ಯಾವುದಾದರೂ ಒಂದು ಬೇಕಾಗಿದ್ದರೆ ಗುರುತು. ಕೇಳಲು ಚೆನ್ನಾಗಿದೆ. ಆದರೆ ಸಿಪ್ಯಾಪ್ ಮೆಷಿನ್ನೇ ಇಲ್ಲದ ಆಸ್ಪತ್ರೆಯಲ್ಲಿ ಸಿಪ್ಯಾಪ್ ಹಾಕಿದ ಮಗು ಎಲ್ಲಿಂದ ಬರಬೇಕು? ಅಲ್ಲಿ ಲೆಕ್ಕ ಸೊನ್ನೆ ಬರುತ್ತದೆ, ಎಲ್ಲ ಸರಿಯಾಗಿದೆ ಅನಿಸುತ್ತದೆ.

ಇದೇ ಪಟ್ಟಿಯಲ್ಲಿ ರಕ್ತನಾಳಕ್ಕೆ ಕೊಟ್ಟ ಆಂಟಿಬಯಾಟಿಕ್ ಕೂಡ ಇದೆ. ಇದನ್ನು ನಾನು ಒಪ್ಪುವುದಿಲ್ಲ. ಹೆರಿಗೆಗೆ ಮುಂಚೆ ನೆತ್ತಿನೀರು ಒಡೆದು ಇಪ್ಪತ್ತು ಗಂಟೆಯಾಗಿತ್ತು ಅಂತ, ಗುಂಡುಗುಂಡಗಿರುವ ಮಗುವಿಗೂ ಮುನ್ನೆಚ್ಚರಿಕೆಗೆ ಇಂಜೆಕ್ಷನ್ ಶುರು ಮಾಡುವವರು ನಮ್ಮಲ್ಲಿ ಬಹಳ ಜನ. ನಾನೂ ಮಾಡಿದ್ದೇನೆ. ಅವನ್ನೆಲ್ಲ ಎಣಿಸಿದರೆ ಅರ್ಧ ವಾರ್ಡು ಸಾವಿನ ಬಾಯಿಂದ ಬಂದದ್ದು ಅಂತಾಗುತ್ತದೆ. ಮೊದಲ 24 ಗಂಟೆಯೊಳಗೆ ನೀಲಿ ಲೈಟ್ ಹಾಕಿದ್ದರೆ ಸೇರಿಸಿ ಅಂತಲೂ ಇದೆ. ಅದನ್ನು ಇಟ್ಟುಕೊಂಡಿದ್ದೇನೆ. ಮೊದಲ ದಿನವೇ ಕಾಣುವ ಕಾಮಾಲೆ ಸುಮ್ನೆ ಬರುವುದಿಲ್ಲ, ತಾಯಿ ಮಗುವಿನ ರಕ್ತದ ಗುಂಪು ನೋಡಲೇಬೇಕು.

ಹಾಗಾಗಿ ನಾನು ಎರಡು ಜಾಲವನ್ನೂ ಹಾಕುತ್ತೇನೆ, ಆಂಟಿಬಯಾಟಿಕ್ ಒಂದನ್ನು ಬಿಟ್ಟು. ಜೊತೆಗೆ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಪ್ರಶ್ನೆ. ಡಿಸ್ಚಾರ್ಜ್ ಬರೆಯುವ ದಿನ ಆ ಮಗುವನ್ನು ನೋಡಿಕೊಂಡ ರಾತ್ರಿ ಪಾಳಿ ಸಿಸ್ಟರನ್ನು ಕೇಳುತ್ತೇನೆ, ‘ಇದು ಹೋಗುತ್ತೆ ಅಂತ ನಿಮಗೆ ಯಾವಾಗಲಾದರೂ ಅನಿಸಿತ್ತಾ?’ ಅಂತ. ಹೌದು ಅಂದರೆ ಹೆಸರಿನ ಪಕ್ಕ ಕೆಂಪು ಚುಕ್ಕೆ. ಇದು ವಿಜ್ಞಾನ ಅಲ್ಲ, ಗೊತ್ತು. ಆದರೆ ಸಿಸ್ಟರುಗಳ ಅಂದಾಜು ತಪ್ಪಿದ್ದು ನಾನು ಕಂಡಿದ್ದು ಕಮ್ಮಿ.

ಕೆಂಪು ಚುಕ್ಕೆಯ ಮಗುವಿನ ಕಥೆಯನ್ನು ಹಿಂದಕ್ಕೆ ಓದುತ್ತಾ ಹೋಗಬೇಕು. ಸತ್ತ ಮಗುವಿನ ಫೈಲ್ ತೆಗೆದರೆ ಎಲ್ಲರೂ ಬಾಯಿ ಮುಚ್ಚುತ್ತಾರೆ. ಮನೆಯವರಿಗೆ ದುಃಖ, ಸಿಬ್ಬಂದಿಗೆ ನೋಟಿಸಿನ ಭಯ. ಬದುಕಿದ ಮಗುವಿನ ಮನೆಯವರು ಹಾಗಲ್ಲ, ಕೇಳುವುದೇ ತಡ. ಪಾವಗಡದ ಅಜ್ಜಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದರು. ಹಿಂದಿನ ದಿನ ಸಂಜೆಯೇ ಸೊಸೆಗೆ ನೋವು ಬಂದಿತ್ತು. ಮೊದಲು ಹೋದ ಕಡೆ ‘ಇನ್ನೂ ತಿಂಗಳು ತುಂಬಿಲ್ಲ, ಸುಳ್ಳು ನೋವು’ ಅಂತ ರಾತ್ರಿಯೆಲ್ಲ ಮಲಗಿಸಿದ್ದರು. ಕೂಸಿನ ಶ್ವಾಸಕೋಶ ಬಲಿಯಲು ತಾಯಿಗೆ ಕೊಡುವ ಡೆಕ್ಸಾಮೆಥಸೋನ್ ಇಂಜೆಕ್ಷನ್ ಒಂದೂ ಬಿದ್ದಿರಲಿಲ್ಲ. ಅದು 6 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ ನಾಲ್ಕು ಸಲ ಕೊಡುವ ಔಷಧಿ. ತೀರಾ ದುಬಾರಿಯದ್ದೇನಲ್ಲ. ಬೇರೆ ಕಡೆ ಕಳಿಸುವ ಮುಂಚೆ ಮೊದಲ ಡೋಸನ್ನು ಹಳ್ಳಿಯ ಉಪಕೇಂದ್ರದ ಎಎನ್‌ಎಂ ಸಿಸ್ಟರೇ ಕೊಡಬಹುದು ಅಂತ 2014ರಲ್ಲೇ ಕೇಂದ್ರದ ಮಾರ್ಗಸೂಚಿ ಇದೆ. ಇನ್ನು ಟವೆಲಿನ ವಿಷಯ. ‘ಒಂದೇ ಟವೆಲ್ ತಂದಿದ್ವಿ ಡಾಕ್ಟ್ರೇ. ಇನ್ನೊಂದು ಬೇಕು ಅಂತ ಯಾರೂ ಹೇಳ್ಲಿಲ್ಲ’ ಅಂದರು ಅಜ್ಜಿ. ಒಂದರಲ್ಲಿ ಒರೆಸಿ, ಅದನ್ನು ಬಿಸಾಡಿ, ಒಣಗಿದ ಇನ್ನೊಂದರಲ್ಲಿ ಸುತ್ತಬೇಕು ಅನ್ನುವುದು ನರ್ಸಿಂಗ್ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ. ಆ ರಾತ್ರಿ ಎರಡನೇ ಟವೆಲ್ ಇರಲಿಲ್ಲ, ಅಷ್ಟೇ. ಕಳಿಸಿದ ಕಡೆಗೆ ಫೋನ್ ಮಾಡಿ ‘ಮಗು ಚೆನ್ನಾಗಿದೆ’ ಅಂತ ಮೊದಲು ಹೇಳಿ, ಆಮೇಲೆ ಟವೆಲಿನ ಮಾತೆತ್ತಿದೆ. ಅಲ್ಲಿನ ಸಿಸ್ಟರ್ ಜಗಳಕ್ಕೆ ಬರಲಿಲ್ಲ. ಈಗ ಹೆರಿಗೆ ಟೇಬಲ್ ಪಕ್ಕ ಎರಡೆರಡು ಟವೆಲ್ ಇಡುತ್ತಾರೆ. ಮಗು ಸತ್ತಿದ್ದರೆ ಈ ಫೋನ್ ನಾನು ಮಾಡುತ್ತಿದ್ದೆನಾ, ಅವರು ಎತ್ತುತ್ತಿದ್ದರಾ, ಅನುಮಾನ.

ಇಷ್ಟಾದರೂ ಚುಕ್ಕೆ ಪೂರ್ತಿ ಆಗಿಲ್ಲ. ಪಾರಾದದ್ದು ಅಂತ ಹೇಳಬೇಕಾದರೆ 28ನೇ ದಿನ ಮಗು ಬದುಕಿದೆ ಅಂತ ಗೊತ್ತಾಗಬೇಕು. ಹತ್ತೊಂಬತ್ತನೇ ದಿನ ಮನೆಗೆ ಕಳಿಸಿದ ನಮಗೆ ಅದು ಗೊತ್ತಿರುವುದಿಲ್ಲ. ಗೊತ್ತಿರುವುದು ಆಶಾ ಕಾರ್ಯಕರ್ತೆಗೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಅವರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡಬೇಕು. ಮಧ್ಯದಲ್ಲೇ ಡಿಸ್ಚಾರ್ಜ್ ಆಗಿ ಹೋದರೆ ಉಳಿದ ದಿನಗಳ ಭೇಟಿ. ನಮಗೆ ಬೇಕಾದ ದಿನ ಅವರ ಪಟ್ಟಿಯಲ್ಲಿ ಆಗಲೇ ಇದೆ. ಹೊಸ ಯೋಜನೆ, ಹೊಸ ಆ್ಯಪ್ ಏನೂ ಬೇಡ. ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಕೆಂಪು ಚುಕ್ಕೆ, ಆಶಾ ಅವರ ಫೋನ್ ನಂಬರ್, ಇಷ್ಟು ಸಾಕು. ಕಣ್ಣಿನ ಪರೀಕ್ಷೆಗೂ ಅದೇ ಹೊತ್ತು. 2,000 ಗ್ರಾಂಗಿಂತ ಕಮ್ಮಿ ಇದ್ದ, ಅಥವಾ 34 ವಾರಕ್ಕೆ ಮುಂಚೆ ಹುಟ್ಟಿದ ಕೂಸುಗಳ ಕಣ್ಣಿನ ಒಳಪದರ ರೆಟಿನಾವನ್ನು 30 ದಿನದೊಳಗೆ ನೋಡಿಸಬೇಕು. ತಡವಾದರೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲ.

ಎಡವಟ್ಟಾಗುವುದು ಇನ್ನೊಂದು ಕಡೆ. ತಾಯಿ ಕಾರ್ಡಿನಲ್ಲಿ ಇರುವುದು ಗಂಡನ ಮನೆ ಊರಿನ ಆಶಾ ಅವರ ನಂಬರ್. ಬಾಣಂತನ ತವರಿನಲ್ಲಿ. ಇಪ್ಪತ್ತೆಂಟನೇ ದಿನ ಫೋನ್ ಮಾಡಿದರೆ, ‘ಅವರು ಇಲ್ಲಿಲ್ಲ ಸಾರ್, ತಾಯಿ ಮನೆಗೆ ಹೋಗವ್ರೆ. ಮಡಕಶಿರಾ ಕಡೆ ಯಾವುದೋ ಊರು’ ಅಂತಾರೆ. ಮಡಕಶಿರಾ ಆಂಧ್ರಕ್ಕೆ ಸೇರಿದ್ದು, ಅಲ್ಲಿನ ಆಶಾ ಬೇರೆ, ರಿಜಿಸ್ಟರ್ ಬೇರೆ. ಎಸ್‌ಎನ್‌ಸಿಯುನಲ್ಲಿ ಇಷ್ಟೆಲ್ಲ ಹೋರಾಡಿ ಉಳಿಸಿದ ಕೂಸು ಗಡಿ ದಾಟಿದ ಕೂಡಲೇ ನಮ್ಮ ಕಣ್ಣಿಂದ ಮರೆ.

ಅದಕ್ಕೇ ಈಗ ಡಿಸ್ಚಾರ್ಜ್ ದಿನ ತೂಕ, ಔಷಧಿಗಿಂತ ಮೊದಲು ಕೇಳುವುದು ಬೇರೆ. ಮಗುವಿನ ತಂದೆಯನ್ನಲ್ಲ, ತಾಯಿಯ ತಾಯಿಯನ್ನು. ‘ಅಮ್ಮಾ, ಇಲ್ಲಿಂದ ಯಾವ ಊರಿಗೆ ಹೋಗ್ತೀರಿ? ಅಲ್ಲಿ ಎಷ್ಟು ತಿಂಗಳು ಇರ್ತೀರಿ? ನಿಮ್ಮ ಊರಿನ ಆಶಾ ಹೆಸರೇನು?’ ಹೆಸರು ಹೇಳಿದರೆ ಅಲ್ಲೇ ನಿಂತು ಫೋನ್ ಹಚ್ಚಿಸುತ್ತೇನೆ. ನಂಬರ್ ಸಿಗದಿದ್ದರೆ ಪಕ್ಕದ ಮನೆಯವರದ್ದಾದರೂ ಬರೆದುಕೊಳ್ಳುತ್ತೇನೆ.