ಜಿಯೋಲೈಟ್ ಸಂವೇದಕಕ್ಕೆ ನೀರಾವಿಯ ಪರೀಕ್ಷೆ

ಉಸಿರಿನಲ್ಲಿರುವ ಅಸಿಟೋನ್ ಅಳೆದು ಮಧುಮೇಹದ ಸುಳಿವು ಕೊಡುವ, ಕೆರೆಯ ನೀರಿನಲ್ಲಿ ಅಮೋನಿಯಾ ಎಷ್ಟಿದೆಯೆಂದು ದಂಡೆಯಲ್ಲೇ ತಿಳಿಸುವ ಅಗ್ಗದ ಸಂವೇದಕಗಳನ್ನು ಕುರಿತ ಸಂಶೋಧನಾ ಪ್ರಬಂಧಗಳಿಗೆ ಇಂದು ಕೊರತೆಯಿಲ್ಲ. ಅವುಗಳಲ್ಲಿ ಗಣನೀಯ ಪಾಲು ಜಿಯೋಲೈಟ್ ಎಂಬ ಸರಂಧ್ರ ಖನಿಜವನ್ನು ನೆಚ್ಚಿಕೊಂಡಿದೆ. ಅಂಥ ಪ್ರಬಂಧ ಕೈಗೆ ಬಂದಾಗ ನಾನು ಮೊದಲು ನೋಡುವುದು ಸಂವೇದಕ ಎಷ್ಟು ಸೂಕ್ಷ್ಮವಾಗಿದೆ ಎಂಬುದನ್ನಲ್ಲ. ಪ್ರಯೋಗಕ್ಕೆ ಬಳಸಿದ ಗಾಳಿಯಲ್ಲಿ ತೇವ ಎಷ್ಟಿತ್ತು ಎಂಬುದನ್ನು.

ಜಿಯೋಲೈಟ್ ಎಂದರೆ ಸಿಲಿಕಾನ್, ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿ ಕಟ್ಟಿದ ಹಂದರ. ಅದರ ರಂಧ್ರಗಳು ಎಲ್ಲ ಕಡೆಯೂ ಒಂದೇ ಅಳತೆಯವು: 4ಎ ಎಂಬ ಬಗೆಯಲ್ಲಿ ಸುಮಾರು 0.4 ನ್ಯಾನೊಮೀಟರ್, ಝಡ್‌ಎಸ್‌ಎಂ-5ರಲ್ಲಿ ಸುಮಾರು 0.55. ದಖ್ಖನ್ ಬಸಾಲ್ಟಿನ ಪೊಟರೆಗಳಲ್ಲಿ ನೈಸರ್ಗಿಕ ಜಿಯೋಲೈಟ್ ಹರಳುಗಳು ಧಾರಾಳವಾಗಿ ಬೆಳೆದಿವೆ. ಪುಣೆ ಮತ್ತು ಜಳಗಾಂವ್ ಸುತ್ತಲಿನ ಕ್ವಾರಿಗಳ ಹರಳುಗಳಿಗೆ ಸಂಗ್ರಾಹಕರಲ್ಲಿ ಜಗತ್ತಿನಾದ್ಯಂತ ಬೇಡಿಕೆಯಿದೆ. ಆದರೆ ಕಲ್ಲಿನಿಂದ ಕಲ್ಲಿಗೆ ಸಂಯೋಜನೆ ಬದಲಾಗುವುದರಿಂದ ಸಂವೇದಕಕ್ಕೆ ಪ್ರಯೋಗಾಲಯದಲ್ಲಿ ತಯಾರಿಸಿದ ಪುಡಿಯೇ ವಾಸಿ.

ರಂಧ್ರದ ಅಳತೆಯೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯ ನಡುವೆ, ಆಮ್ಲಜನಕ ಘಟಕಗಳಿಗಾಗಿ ರೋಮ್‌ನಿಂದ ಬೆಂಗಳೂರಿಗೆ ವಿಮಾನದಲ್ಲಿ ಜಿಯೋಲೈಟ್ ತರಿಸಿದ್ದು ಹಲವರಿಗೆ ನೆನಪಿರಬಹುದು. ಆ ಘಟಕಗಳಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ರಂಧ್ರದೊಳಗೆ ಹೋಗುತ್ತವೆ. ಒಳಗಿರುವ ಧನ ಅಯಾನುಗಳು ಸಾರಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುವುದರಿಂದ ಆಮ್ಲಜನಕ ಮುಂದೆ ಸಾಗುತ್ತದೆ. ಅದೇ ಅಯಾನುಗಳಿಗೆ ನೀರಿನ ಮೇಲೆ ಇನ್ನೂ ಹೆಚ್ಚಿನ ಸೆಳೆತ. ಆದ್ದರಿಂದಲೇ ಈ ಘಟಕಗಳಿಗೆ ಹೋಗುವ ಗಾಳಿಯನ್ನು ಮೊದಲು ಒಣಗಿಸಲೇಬೇಕು. ಆದರೆ ಸಂವೇದಕವನ್ನು ಬಾಯಿಯ ಮುಂದೆ ಹಿಡಿಯುವಾಗ ಆ ಅನುಕೂಲ ನಮಗಿಲ್ಲ.

ಲೆಕ್ಕ ಹಾಕಿ ನೋಡಿ. ಹೊರಬಿಡುವ ಉಸಿರು ನೀರಾವಿಯಿಂದ ತುಂಬಿಹೋಗಿರುತ್ತದೆ. ಪರಿಮಾಣದಲ್ಲಿ ಅದು ಸುಮಾರು ಶೇ 5, ಎಂದರೆ ಹತ್ತು ಲಕ್ಷ ಅಣುಗಳಲ್ಲಿ ಐವತ್ತು ಸಾವಿರ. ಆರೋಗ್ಯವಂತರ ಉಸಿರಿನ ಅಸಿಟೋನ್ ಹತ್ತು ಲಕ್ಷಕ್ಕೆ ಒಂದರ ಆಸುಪಾಸಿನಲ್ಲಿರುತ್ತದೆ. ನೀರಿನ ಅಣುವಿನ ವ್ಯಾಸ 0.27 ನ್ಯಾನೊಮೀಟರಿಗಿಂತಲೂ ಕಡಿಮೆಯಿರುವುದರಿಂದ, ಅಸಿಟೋನ್ ಹೋಗಬಲ್ಲ ರಂಧ್ರದಲ್ಲೆಲ್ಲ ಅದೂ ಸಲೀಸಾಗಿ ನುಗ್ಗುತ್ತದೆ. 5 ಮೆಗಾಹರ್ಟ್ಸ್‌ನ ಕಂಪನದ ಇಳಿತದಿಂದ ತೂಕ ತೋರಿಸುವ ಕ್ವಾರ್ಟ್ಸ್ ಹರಳಿನ ಮೇಲೆ ಚದರ ಸೆಂಟಿಮೀಟರಿಗೆ 100 ಮೈಕ್ರೋಗ್ರಾಂನಂತೆ 4ಎ ಲೇಪಿಸಿದೆವೆನ್ನಿ. ಈ ಜಿಯೋಲೈಟ್ ತನ್ನ ತೂಕದ ಐದನೇ ಒಂದು ಪಾಲಿನಷ್ಟು ನೀರನ್ನು ಸುಲಭವಾಗಿ ಹೀರುತ್ತದೆ. ಚದರ ಸೆಂಟಿಮೀಟರಿಗೆ 17.7 ನ್ಯಾನೊಗ್ರಾಂ ತೂಕ ಕೂಡಿದರೆ ಹರಳಿನ ಕಂಪನ 1 ಹರ್ಟ್ಸ್ ಇಳಿಯುತ್ತದೆ. ಆ ಲೆಕ್ಕದಲ್ಲಿ ನೀರಿನಿಂದಲೇ ಸಾವಿರಕ್ಕೂ ಹೆಚ್ಚು ಹರ್ಟ್ಸ್ ಇಳಿತ. ನಮಗೆ ಬೇಕಾದ ಸಂಕೇತ ಅದರಲ್ಲಿ ಮುಳುಗಿಹೋಗುತ್ತದೆ. ಒಣ ನೈಟ್ರೋಜನ್ ಸಿಲಿಂಡರ್ ಜೋಡಿಸಿ ಪಡೆದ ಸೊಗಸಾದ ವಕ್ರರೇಖೆ, ಅದೇ ಅನಿಲವನ್ನು ನೀರಿನ ಬಾಟಲಿಯ ಮೂಲಕ ಗುಳುಗುಳಿಸಿ ಕಳಿಸಿದ ಕೂಡಲೇ ಮಲಗಿಬಿಡುವುದು ಈ ಕೆಲಸ ಮಾಡುವವರೆಲ್ಲರಿಗೂ ಗೊತ್ತಿರುವ ಸಂಗತಿ.

ಪರಿಹಾರ ಇಲ್ಲವೆಂದಲ್ಲ. ಹಂದರದಲ್ಲಿ ಅಲ್ಯೂಮಿನಿಯಂ ಕಡಿಮೆ ಮಾಡಿದಂತೆ ಅಯಾನುಗಳೂ ಕಡಿಮೆಯಾಗಿ ಅದು ನೀರನ್ನು ದೂರವಿಡತೊಡಗುತ್ತದೆ. ಪೂರ್ತಿ ಸಿಲಿಕಾದಿಂದಲೇ ಆದ ಸಿಲಿಕಲೈಟ್ ಇದರ ಕೊನೆಯ ಹಂತ. ಆದರೆ ಅಯಾನುಗಳಿಲ್ಲದ ಮೇಲೆ ಕೆಲವು ಸಂವೇದಕಗಳು ಅಳೆಯುವ, ಅವುಗಳ ಚಲನೆಯಿಂದ ಸಿಗುತ್ತಿದ್ದ ವಿದ್ಯುತ್ ಸಂಕೇತವೂ ಇಲ್ಲ. ಇನ್ನೊಂದು ದಾರಿ ಕಾಯಿಸುವುದು. ಡೀಸೆಲ್ ವಾಹನಗಳ ಹೊಗೆಯಲ್ಲಿ ಅಮೋನಿಯಾ ಅಳೆಯಲು ಆಮ್ಲರೂಪದ ಝಡ್‌ಎಸ್‌ಎಂ-5 ಲೇಪನವನ್ನು ಜರ್ಮನಿಯ ಸಂಶೋಧಕರು 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ದುಡಿಸಿದರು. ಆ ಬಿಸಿಯಲ್ಲಿ ನೀರು ನಿಲ್ಲದು, ಪ್ರತ್ಯಾಮ್ಲವಾದ ಅಮೋನಿಯಾ ಮಾತ್ರ ಆಮ್ಲತಾಣಗಳಿಗೆ ಅಂಟಿಕೊಳ್ಳುತ್ತದೆ. ಅಸಿಟೋನಿಗೆ ಅಂಥ ಹಿಡಿತವಿಲ್ಲದ ಕಾರಣ ಈ ಉಪಾಯವನ್ನು ಹಾಗೆಯೇ ಎತ್ತಿ ಉಸಿರಿನ ಪರೀಕ್ಷೆಗೆ ತರಲಾಗದು.

ಕೆರೆಯ ನೀರಿನಲ್ಲಿ ಎದುರಾಳಿ ಬೇರೆ. ಕ್ಲಿನಾಪ್ಟಿಲೊಲೈಟ್ ಎಂಬ ನೈಸರ್ಗಿಕ ಜಿಯೋಲೈಟ್ ನೀರಿನಲ್ಲಿ ಅಮೋನಿಯಾ ತಾಳುವ ಅಯಾನು ರೂಪವಾದ ಅಮೋನಿಯಂ ಅನ್ನು ಸೋಡಿಯಂ, ಕ್ಯಾಲ್ಸಿಯಂಗಳಿಗಿಂತ ಹೆಚ್ಚು ಬಯಸುತ್ತದೆ, ನಿಜ. ಆದರೆ ಪೊಟ್ಯಾಸಿಯಂ ಅನ್ನು ಅದಕ್ಕಿಂತಲೂ ಮೊದಲು ಹಿಡಿಯುತ್ತದೆ. ಕೊಳಚೆ ನೀರಿನಲ್ಲಿ ಎರಡೂ ಇರುವುದರಿಂದ ಪೊಟ್ಯಾಸಿಯಂ ಅನ್ನು ಪ್ರತ್ಯೇಕವಾಗಿ ಅಳೆದು ಕಳೆಯದೆ ಕೊಟ್ಟ ಅಮೋನಿಯಾ ಅಂಕಿಯನ್ನು ನಾನು ನಂಬುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಒಲವು ಜಿಯೋಲೈಟನ್ನು ಸಂವೇದಕವಾಗಿ ಅಲ್ಲ, ಸಂವೇದಕದ ಮುಂದಿನ ಸೋಸುಪದರವಾಗಿ ಬಳಸುವುದರ ಕಡೆಗಿದೆ. ತವರದ ಆಕ್ಸೈಡಿನಂಥ ಪಳಗಿದ ಅರೆವಾಹಕ ಅಳೆಯಲಿ. ಖನಿಜದ ಪದರ ದೊಡ್ಡ ಅಣುಗಳನ್ನು ತಡೆಯಲಿ. ಇಲ್ಲೂ ಅಸಿಟೋನ್ ಮತ್ತು ಎಥನಾಲ್ ಬಹುತೇಕ ಒಂದೇ ಗಾತ್ರದವು ಎಂಬ ತೊಡಕು ಉಳಿಯುತ್ತದೆ. ಎಥನಾಲ್ ಇರುವ ಸ್ಯಾನಿಟೈಸರ್ ಹಚ್ಚಿದ ಕೈ ಹತ್ತಿರವಿದ್ದರೆ ಸಾಕು, ಅಳತೆ ಕೆಡುತ್ತದೆ. ಏಕಾದಶಿಯ ಉಪವಾಸ ಮಾಡಿದವರ ಉಸಿರಿನಲ್ಲೂ ಅಸಿಟೋನ್ ಏರುತ್ತದೆ, ಹಾಗಾಗಿ ಗ್ಲುಕೋಮೀಟರಿಗೆ ಇದು ಬದಲಿಯಾಗದು. ಪದರವನ್ನು ದಪ್ಪ ಮಾಡಿದರೆ ಬಿರುಕುಗಳು ಮುಚ್ಚಿ ಸೋಸುವಿಕೆ ಸುಧಾರಿಸಬಹುದು. ಆದರೆ ಅಣುಗಳು ದಾಟುವ ಸಮಯ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಎರಡು ಪಟ್ಟು ದಪ್ಪದ ಪದರಕ್ಕೆ ನಾಲ್ಕು ಪಟ್ಟು ಕಾಯಬೇಕು. ಉಸಿರು ಊದುವ ರೋಗಿ ಎಷ್ಟು ಸೆಕೆಂಡು ಊದಬಲ್ಲರು ಎಂಬುದರಿಂದಲೇ ಪದರದ ದಪ್ಪದ ಲೆಕ್ಕ ಶುರುವಾಗಬೇಕು.