ಕೆನ್ನೆಯ ಮೇಲಿನ ಕೆಂಪು ಗಂಟು: ಕಾಯಬಹುದೇ?

ಪ್ರಶ್ನೆ: ಮಗಳಿಗೆ ಎರಡು ತಿಂಗಳು. ಹುಟ್ಟಿದಾಗ ಕೆನ್ನೆಯ ಮೇಲೆ ಏನೂ ಇರಲಿಲ್ಲ. ಎರಡನೇ ವಾರದಲ್ಲಿ ಕೆಂಪು ಚುಕ್ಕೆ ಕಾಣಿಸಿತು, ಈಗ ನೇರಳೆಹಣ್ಣಿನಷ್ಟು ಉಬ್ಬಿದೆ. 'ಗ್ರಹಣದ ಮಚ್ಚೆ, ಬೆಳೆಯುತ್ತಾ ತಾನೇ ಹೋಗುತ್ತದೆ' ಎನ್ನುತ್ತಾರೆ ಅತ್ತೆ. ಕಾಯಬಹುದೇ?

ಉತ್ತರ: ಕಾಯಬೇಡಿ. ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ. ಇದಕ್ಕೂ ಗ್ರಹಣಕ್ಕೂ ಸಂಬಂಧವಿಲ್ಲ, ನೀವು ಬಸುರಿಯಾಗಿದ್ದಾಗ ತಿಂದದ್ದಕ್ಕೂ ಇಲ್ಲ. ಆ ಹಳಹಳಿಕೆ ದಯವಿಟ್ಟು ಬಿಟ್ಟುಬಿಡಿ.

ಅತ್ತೆಯವರ ಮಾತು ಪೂರ್ತಿ ಸುಳ್ಳೂ ಅಲ್ಲ. ನಿಮ್ಮ ವಿವರಣೆ ಹೆಮಾಂಜಿಯೋಮಾಕ್ಕೆ ಹೊಂದುತ್ತದೆ. ರಕ್ತನಾಳದ ಒಳಪದರದ ಜೀವಕೋಶಗಳು ಮಿತಿಮೀರಿ ಬೆಳೆದು ಆಗುವ ಗಂಟು ಇದು, ಕ್ಯಾನ್ಸರ್ ಅಲ್ಲ. ವರ್ಷ ತುಂಬುವ ಹೊತ್ತಿಗೆ ಬಣ್ಣ ಮಾಸಿ ಕುಗ್ಗತೊಡಗುತ್ತದೆ. ಹೆಚ್ಚಿನವು ನಾಲ್ಕು ವರ್ಷದೊಳಗೆ ಬಹುಮಟ್ಟಿಗೆ ಇಳಿಯುತ್ತವೆ. ಆದರೆ ಇಳಿದ ಜಾಗದಲ್ಲಿ ಜೋಲುಚರ್ಮವೋ ಕಲೆಯೋ ಉಳಿಯಬಹುದು, ಅದೂ ಮುಖದ ಮೇಲೆ. ಐದು ತಿಂಗಳ ಹೊತ್ತಿಗೆ ಗಂಟು ಬಹುಪಾಲು ಬೆಳೆದು ಮುಗಿದಿರುತ್ತದೆ. ಅದನ್ನು ತಡೆಯಲು ಸಿಗುವ ಕಾಲ ಅದಕ್ಕಿಂತ ಮುಂಚಿನದು.

ಔಷಧಿ ಸಿಕ್ಕಿದ್ದು ಆಕಸ್ಮಿಕವಾಗಿ. ಫ್ರಾನ್ಸಿನ ಬೋರ್ಡೋದಲ್ಲಿ ಮೂಗಿನ ಮೇಲೆ ಹೆಮಾಂಜಿಯೋಮಾ ಇದ್ದ ಮಗುವಿಗೆ ಹೃದಯದ ತೊಂದರೆಗೆಂದು ವೈದ್ಯರು ಪ್ರೊಪ್ರನೊಲಾಲ್ ಕೊಟ್ಟರು. ಮರುದಿನವೇ ಕಡುಗೆಂಪು ಗಂಟು ನೇರಳೆಗೆ ತಿರುಗಿ ಮೆತ್ತಗಾಯಿತು. 2008ರಲ್ಲಿ ಈ ವರದಿ ಪ್ರಕಟವಾಯಿತು. ಅಲ್ಲಿಯವರೆಗೆ ಮುಖ್ಯವಾಗಿ ಸ್ಟೆರಾಯ್ಡ್‌ಗಳೇ ಗತಿಯಾಗಿದ್ದವು. ಈಗ ಪ್ರೊಪ್ರನೊಲಾಲೇ ಮೊದಲ ಆಯ್ಕೆ, ಸಾಮಾನ್ಯವಾಗಿ ಆರು ತಿಂಗಳಾದರೂ ಕೊಡುತ್ತಾರೆ. ಹೃದಯ ಪರೀಕ್ಷಿಸಿ, ಮಗುವಿನ ತೂಕ ನೋಡಿ ವೈದ್ಯರೇ ಪ್ರಮಾಣ ನಿರ್ಧರಿಸಬೇಕು. ಹಾಲು ಕುಡಿಸುವಾಗ ಅಥವಾ ಕುಡಿಸಿದ ಕೂಡಲೇ ಕೊಡಿ. ಮಗು ಹಾಲು ಬಿಟ್ಟರೆ, ವಾಂತಿ ಮಾಡಿದರೆ, ಉಬ್ಬಸ ಬಂದರೆ ಆ ಹೊತ್ತಿನ ಔಷಧಿ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಹೊಟ್ಟೆಯಲ್ಲಿ ಹಾಲಿಲ್ಲದಾಗ ಕೊಟ್ಟರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು.

ಕಣ್ಣಿನ ಹತ್ತಿರ ಇದ್ದರೆ, ಗಂಟು ಹುಣ್ಣಾದರೆ, ಗದ್ದ ಮತ್ತು ದವಡೆಯ ಸುತ್ತ ಹರಡಿ ಉಸಿರಾಟದಲ್ಲಿ ಸದ್ದು ಕೇಳಿದರೆ ಒಂದು ದಿನವೂ ತಡಮಾಡಬಾರದು. ಸುಣ್ಣ, ನಾಟಿ ಲೇಪ ಯಾವುದನ್ನೂ ಹಚ್ಚಬೇಡಿ.

ಹುಟ್ಟುವಾಗಲೇ ಇದ್ದು, ಮಗುವಿನ ಜೊತೆಯಲ್ಲೇ ಬೆಳೆಯುವ ಕಲೆಗಳ ಕಥೆ ಬೇರೆ. ಅಲ್ಲಿ ರಕ್ತನಾಳಗಳ ರಚನೆಯೇ ದೋಷಪೂರಿತವಾಗಿರುತ್ತದೆ, ಅವು ತಾವಾಗಿ ಹೋಗುವುದಿಲ್ಲ. ಚಪ್ಪಟೆಯಾದ ದ್ರಾಕ್ಷಾರಸ ಬಣ್ಣದ ಮಚ್ಚೆಗೆ ಲೇಸರ್. ಅದು ಹಣೆ, ರೆಪ್ಪೆಯ ಮೇಲಿದ್ದರೆ ಕಣ್ಣಿನ ಒತ್ತಡ ಮತ್ತು ಮಿದುಳನ್ನೂ ಪರೀಕ್ಷಿಸಬೇಕು. ಅತ್ತಾಗ ಊದಿ, ಒತ್ತಿದರೆ ಕುಗ್ಗುವ ನೀಲಿ ಗಂಟು ಅಭಿಧಮನಿಯದ್ದು. ಅದಕ್ಕೆ ಚುಚ್ಚುಮದ್ದಿನಿಂದ ನಾಳವನ್ನು ಮುಚ್ಚುವ ಚಿಕಿತ್ಸೆಯಿದೆ. ಬೆಚ್ಚಗಿದ್ದು, ಬೆರಳಿಟ್ಟರೆ ನಾಡಿಯಂತೆ ಮಿಡಿಯುವುದು ಅಪಧಮನಿಯದ್ದು. ಅದನ್ನು ತಜ್ಞರ ತಂಡವೇ ನೋಡಬೇಕು.

ಹೋಗುವಾಗ ಮೊಬೈಲಿನಲ್ಲಿರುವ ಮಗುವಿನ ಹಳೆಯ ಫೋಟೊಗಳನ್ನು ಒಯ್ಯಿರಿ. ಗಂಟು ಯಾವಾಗ ಶುರುವಾಯಿತು, ಎಷ್ಟು ಬೇಗ ಬೆಳೆಯಿತು ಎಂಬುದೇ ವೈದ್ಯರು ಕೇಳುವ ಮೊದಲ ಪ್ರಶ್ನೆ.