ಮಳೆಗಾಲದಲ್ಲಿ ಕಾರ್ನೇಶನ್ ಸಾಯೋದು ಬುಡದಿಂದ

ಜೂನ್ ಜುಲೈ ಬಂತು ಅಂದ್ರೆ ನಂಗೆ ಬರೋ ಫೋನೆಲ್ಲಾ ಹೆಚ್ಚುಕಮ್ಮಿ ಒಂದೇ ಥರ, ಕಾರ್ನೇಶನ್ ಹೂವಿನ ಗಿಡ ಚೆನ್ನಾಗಿತ್ತು ಎರಡೇ ದಿನಕ್ಕೆ ಬಾಡೋಯ್ತು ಅಂತ. ಹೋದ ವರ್ಷ ನಮ್ಮ ಕೊಡಗಿನ ನಾಪೋಕ್ಲು ಕಡೆ ಒಬ್ರು ಅಕ್ಕನ ಮನೆಗೆ ಹೋಗಿದ್ದೆ, ಅಂಗಳದ ಅಂಚಲ್ಲಿ ಸಾಲಾಗಿ ನೆಟ್ಟಿದ್ರು. "ಎರಡು ದಿನ ಮಳೆ ಬಿಟ್ಟಿತ್ತಲ್ಲ ಸಾರ್, ನೀರು ಸಾಲ್ದೇನೋ ಅಂತ ಒಂದೊಂದು ಚೊಂಬು ಹಾಕ್ದೆ" ಅಂದ್ರು. ನಾನು ಒಂದು ಗಿಡ ಮೆಲ್ಲಗೆ ಎತ್ತಿದೆ ಅಷ್ಟೇ, ಕಾಂಡ ಕೈಗೆ ಬಂತು, ಬೇರು ಮಣ್ಣಲ್ಲೇ ಉಳೀತು. ಮಣ್ಣಿನ ಮಟ್ಟದಲ್ಲಿ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಗಾಳಿಗೆ ಬೀಳ್ಬಾರ್ದು ಅಂತ ಎರಡಿಂಚು ಆಳಕ್ಕೆ ಹೂತಿದ್ರು, ಅಲ್ಲೇ ಆಗಿದ್ದು ತಪ್ಪು, ಹೂತ ಕಾಂಡ ತೇವಕ್ಕೆ ಕೊಳೆತಿತ್ತು.

ನಮ್ಮ ಚಳಿ ಈ ಗಿಡಕ್ಕೆ ಚೆನ್ನಾಗಿ ಒಗ್ಗುತ್ತೆ, ಆದ್ರೆ ಮಳೆ ಒಗ್ಗಲ್ಲ. ಊಟಿ ಕಡೆ ಪಾಲಿಹೌಸಲ್ಲಿ ಬೆಳೀತಾರಲ್ಲ, ಅಲ್ಲಿ ಮೇಲೆ ಶೀಟ್ ಇರುತ್ತೆ ಮಳೆ ಬೀಳಲ್ಲ, ನಮ್ಮಲ್ಲಿ ಮೂರು ತಿಂಗಳು ಸುರಿಯುತ್ತೆ. ಅದೂ ಅಲ್ದೆ ಆಂಥೂರಿಯಂ ಸಾಕಿ ಅಭ್ಯಾಸ ಆದವ್ರು ಇದನ್ನೂ ನೆರಳಲ್ಲಿ ತೇವವಾಗಿ ಇಡ್ತಾರೆ, ಇದಕ್ಕೆ ಬೇಕಾಗಿರೋದು ಪೂರ್ತಿ ಉಲ್ಟಾ, ದಿನಕ್ಕೆ ಐದಾರು ಗಂಟೆ ಬಿಸಿಲು ಮತ್ತೆ ಗಾಳಿ ಆಡೋ ಜಾಗ. ಸಿಲ್ವರ್ ಓಕ್ ಕೆಳಗೆ ಇಟ್ರೆ ಸಣಕಲಾಗಿ ಉದ್ದ ಹೋಗುತ್ತೆ, ಹೂ ಬರಲ್ಲ.

ಹಾಗಾಗಿ ನೆಲಕ್ಕಿಂತ ಪಾಟೇ ವಾಸಿ, ಮಳೆ ಹಿಡಿದಾಗ ಎತ್ತಿ ಸೂರಿನ ಕೆಳಗೆ ಇಡ್ಬಹುದು. ನೆಡೋದು ಕಾವೇರಿ ಸಂಕ್ರಮಣ ಕಳೆದ ಮೇಲೆ, ಅಕ್ಟೋಬರ್ ಕೊನೆಗೆ. ಕೆಂಪು ಮಣ್ಣು, ದಪ್ಪ ಮರಳು, ಚೆನ್ನಾಗಿ ಕೊಳೆತ ಗೊಬ್ಬರ ಸಮ ಸಮ. ಹಸಿ ಕಾಫಿ ಸಿಪ್ಪೆ ದಯವಿಟ್ಟು ಬೇಡ. ನಮ್ಮ ಮಣ್ಣು ಹುಳಿ, ಇದಕ್ಕೆ ಪಿಎಚ್ (ಮಣ್ಣಿನ ಹುಳಿ ಅಳೆಯೋ ಲೆಕ್ಕ, 7ಕ್ಕಿಂತ ಕೆಳಗೆ ಹೋದಷ್ಟೂ ಹುಳಿ ಜಾಸ್ತಿ) 6ರಿಂದ 7 ಬೇಕು, ತೋಟಕ್ಕೆ ಸುಣ್ಣ ಹಾಕ್ತೀವಲ್ಲ ಅದೇ ಸುಣ್ಣ ಪಾಟಿಗೆ ಒಂದು ಸಣ್ಣ ಚಮಚ, ನೆಡೋಕೆ ಎರಡು ವಾರ ಮುಂಚೆ ಬೆರೆಸಿಡಿ. ನೆಡುವಾಗ ನರ್ಸರಿ ಕವರಲ್ಲಿ ಎಷ್ಟು ಆಳ ಇತ್ತೋ ಅಷ್ಟೇ, ಸ್ವಲ್ಪ ಮೇಲೆ ಇದ್ರೂ ಸರಿ, ವಾಲಿದ್ರೆ ಕಡ್ಡಿ ನೆಟ್ಟು ದಾರ ಕಟ್ಟಿ, ಮಣ್ಣು ಏರಿಸ್ಬೇಡಿ. ಮೇಲಿನ ಮಣ್ಣು ಬೆರಳಿಗೆ ಒಣಗಿದೆ ಅನ್ಸಿದ ಮೇಲೆ ನೀರು, ಬೆಳಗ್ಗೆ, ಎಲೆ ಮೇಲೆ ಬೀಳ್ದಂಗೆ.

ಒಂದು ತಿಂಗಳಾದ್ಮೇಲೆ ಐದಾರು ಗಿಣ್ಣು ಬಿಟ್ಟು ಕುಡಿ ಚಿವುಟಿ, ಆಗ ಪಕ್ಕದಿಂದ ಕವಲು ಬರುತ್ತೆ. ಹೂ ದೊಡ್ಡದು ಬೇಕಂದ್ರೆ ಕಡ್ಡಿಗೆ ತುದಿ ಮೊಗ್ಗು ಒಂದೇ ಬಿಟ್ಟು ಪಕ್ಕದ್ದು ಬಟಾಣಿ ಕಾಳಿನಷ್ಟು ಇರುವಾಗ್ಲೇ ತೆಗೀರಿ.

ಜನವರಿ ಫೆಬ್ರವರಿಯಲ್ಲಿ ಇನ್ನೊಂದು ಕಾಟ, ಮೊಗ್ಗಿನ ಹಸಿರು ಕವಚ ಒಂದು ಕಡೆ ಸೀಳಿ ಎಸಳು ಹೊರಗೆ ಜೋತು ಬೀಳುತ್ತೆ. ರೋಗ ಅಲ್ಲ ಅದು, ರಾತ್ರಿ ಕೊರೆಯೋ ಚಳಿ ಹಗಲು ಬಿಸಿಲು ಅದ್ರಿಂದ ಆಗೋದು, ಬೋರಾನ್ ಅನ್ನೋ ಪೋಷಕಾಂಶ ಕಮ್ಮಿ ಇದ್ರೂ ಆಗುತ್ತೆ. ಲೀಟರ್ ನೀರಿಗೆ 1 ಗ್ರಾಂ ಬೋರಾಕ್ಸ್ (ಬೋರಾನ್ ಇರೋ ಪುಡಿ) ಬೆರೆಸಿ ಸ್ಪ್ರೇ ಮಾಡಿ, ಬಣ್ಣ ಕಾಣಿಸೋ ಹೊತ್ತಿಗೆ ಮೊಗ್ಗಿಗೆ ಸಣ್ಣ ರಬ್ಬರ್ ಬ್ಯಾಂಡ್ ಹಾಕಿ.

ಮಾರ್ಚ್ ಏಪ್ರಿಲ್‌ನಲ್ಲಿ ಗಿಡದ ಒಂದೇ ಮಗ್ಗುಲು ಹಳದಿಯಾಗಿ ಬಾಡಿದ್ರೆ ಕಾಂಡ ಉದ್ದಕ್ಕೆ ಸೀಳಿ ನೋಡಿ, ಒಳಗೆ ಕಂದು ಗೆರೆ ಇದ್ರೆ ಫ್ಯುಸೇರಿಯಂ, ಮಣ್ಣಲ್ಲಿರೋ ಶಿಲೀಂಧ್ರದಿಂದ ಬರೋ ಸೊರಗು ರೋಗ. ಅದಕ್ಕೆ ಔಷಧಿ ಹೊಡೆದು ದುಡ್ಡು ಕಳ್ಕೋಬೇಡಿ, ಗಿಡ ಸುಟ್ಟುಬಿಡಿ, ಆ ಮಣ್ಣು ಗೊಬ್ಬರದ ಗುಂಡಿಗೂ ಬೇಡ, ವರ್ಷಗಟ್ಲೆ ಉಳಿಯುತ್ತೆ ಅದು.

ಆ ಅಕ್ಕನ ಮನೇಲಿ ಸೂರಿನ ಕೆಳಗಿದ್ದ ಒಂದು ಪಾಟಿನ ಗಿಡ ಗಟ್ಟಿಯಾಗಿತ್ತು. ಅದ್ರಿಂದ ನಾಲ್ಕಿಂಚಿನ ಆರು ಕುಡಿ ಮುರಿದು, ಕೆಳಗಿನ ಎಲೆ ತೆಗೆದು, ತೊಳೆದ ಮರಳಲ್ಲಿ ಚುಚ್ಚಿ ಬಂದೆ, ಮೂರ್ನಾಲ್ಕು ವಾರಕ್ಕೆ ಆರರಲ್ಲಿ ನಾಲ್ಕು ಕುಡಿ ಬೇರು ಬಿಟ್ಟವು. ಈಗ ಜಗಲಿ ಕಟ್ಟೆ ಮೇಲಿವೆ.